ನಿರ್ಭೀತ ಪಯಣದ ವಾಗ್ದಾನ ಮತ್ತು ಇಂದಿನ ಯಮನ್

ಮಕ್ಕಾದಲ್ಲಿ ಮುಸ್ಲಿಮರು ಬೆರಳೆಣಿಕೆಯಷ್ಟಿದ್ದ ಕಾಲವದು. ಕಮ್ಮಾರಿಕೆ ಮಾಡಿಕೊಂಡಿದ್ದ ಗುಲಾಮ ಖಬ್ಬಾಬ್(ರ)ರನ್ನು ಅವರ ಒಡೆಯರು ಕೆಂಡದ ಮೇಲೆ ಮಲಗಿಸಿ ಹಿಂಸಿಸುತ್ತಿದ್ದರು. ಒಂದು ದಿನ ಅವರು ಕಅಬಾದ ನೆರಳಿನಲ್ಲಿ ವಿಶ್ರಮಿಸುತ್ತಿದ್ದ ಪ್ರವಾದಿ(ಸ)ರ ಬಳಿ ಬಂದು, ನಮಗಾಗಿ ಅಲ್ಲಾಹನಲ್ಲಿ ಪ್ರಾರ್ಥಿಸಬಾರದೇ ಎಂದು ಕೇಳಿದರು. ಪ್ರವಾದಿಯವರು(ಸ) ಹಿಂದಿನ ಸಮುದಾಯಗಳ ಸತ್ಯವಿಶ್ವಾಸಿಗಳು ಸಹಿಸಿದ ಕಷ್ಟಗಳನ್ನು ನೆನಪಿಸಿ, ಈ ಧರ್ಮವು ಪೂರ್ಣತೆಗೆ ತಲುಪುವ ದಿನ ಬಂದೇ ಬರುವುದೆಂದು ಭರವಸೆಯಿತ್ತರು. ಆ ದಿನದ ಗುರುತೇನು? ಸಾಮ್ರಾಜ್ಯದ ವಿಸ್ತಾರವನ್ನಾಗಲಿ ಅರಮನೆಗಳ ವೈಭವವನ್ನಾಗಲಿ ಅವರು ಹೇಳಲಿಲ್ಲ. ಒಬ್ಬ ಸವಾರನು ಸನಾದಿಂದ ಹದ್ರಮೌತ್‌ವರೆಗೆ ಏಕಾಂಗಿಯಾಗಿ ಸಾಗುವನು, ಅಲ್ಲಾಹನ ಹೊರತು ಇನ್ನಾರ ಭಯವೂ ಅವನಿಗಿರದು, ತನ್ನ ಆಡುಗಳ ಮೇಲೆ ತೋಳ ಬಿದ್ದೀತೆಂಬ ಚಿಂತೆಯೊಂದನ್ನು ಬಿಟ್ಟರೆ ಎಂದರು. ಸಹೀಹ್ ಬುಖಾರಿಯಲ್ಲಿ ವರದಿಯಾದ ಹದೀಸ್‌ನ ಸಾರವಿದು.

ಸನಾ ಮತ್ತು ಹದ್ರಮೌತ್ ಎರಡೂ ಯಮನ್‌ನಲ್ಲಿವೆ. ಒಂದು ಸಮಾಜವು ನ್ಯಾಯದ ಮೇಲೆ ನಿಂತಿದೆಯೇ ಎಂಬುದಕ್ಕೆ ಪ್ರವಾದಿಯವರು(ಸ) ಕೊಟ್ಟ ಅಳತೆಗೋಲು, ಅಲ್ಲಿನ ದಾರಿಯಲ್ಲಿ ಒಬ್ಬ ಸಾಮಾನ್ಯ ಪ್ರಯಾಣಿಕ ಎಷ್ಟು ನಿರ್ಭೀತನಾಗಿದ್ದಾನೆ ಎಂಬುದು. ಅದೇ ಅಳತೆಗೋಲನ್ನು ಹಿಡಿದು ಇಂದು ಅದೇ ದಾರಿಯನ್ನು ಅಳೆದರೆ ನಮಗೆ ಏನು ಕಂಡೀತು? ಈ ಪ್ರಶ್ನೆ ನಮ್ಮನ್ನು ಕಾಡಲು ಒಂದು ಕಾರಣವಿದೆ.

ಕೆಲವು ಸಮಯದ ಹಿಂದೆ ಕರಾವಳಿಯ ಪಟ್ಟಣವೊಂದರಿಂದ ಒಬ್ಬ ತಂದೆ ನಮ್ಮನ್ನು ಕಾಣಲು ಬಂದಿದ್ದರು. ಸಣ್ಣ ದಿನಸಿ ಅಂಗಡಿಯಲ್ಲಿ ಸಂಸಾರ ಸಾಗಿಸುವವರು. ಅವರ ಮಗ ದರ್ಸ್‌ನಲ್ಲಿ ಓದುತ್ತಿದ್ದಾನೆ, ಬುದ್ಧಿವಂತ, ಅರಬಿಯಲ್ಲಿ ಆಸಕ್ತಿಯುಳ್ಳವನು. ಹದ್ರಮೌತ್‌ನ ತರೀಮ್ ಪಟ್ಟಣಕ್ಕೆ ಹೋಗಿ ಕಲಿಯಬೇಕೆಂಬುದು ಅವನ ಹಂಬಲ. ಅದನ್ನು ಅರಿತ ಯಾರೋ ಒಬ್ಬರು ಮುಂದೆ ಬಂದಿದ್ದಾರೆ. ಒಮಾನ್‌ಗೆ ವಿಸಿಟ್ ವೀಸಾ ಮಾಡಿಸುವುದು, ಅಲ್ಲಿಂದ ರಸ್ತೆಯ ಮೂಲಕ ಗಡಿ ದಾಟಿಸುವುದು, ಎಲ್ಲವೂ ತಮ್ಮ ಜವಾಬ್ದಾರಿ ಎಂದಿದ್ದಾರೆ. ತರೀಮ್‌ನಲ್ಲಿ ಯುದ್ಧವೇ ಇಲ್ಲ, ಅದು ಔಲಿಯಾಗಳ ನಾಡು, ಭಯಪಡಬೇಡಿ ಎಂಬ ಸಮಾಧಾನವನ್ನೂ ಸೇರಿಸಿದ್ದಾರೆ. ತಂದೆ ಹೆಂಡತಿಯ ಬಳೆಗಳನ್ನು ಅಡವಿಡಲು ಸಿದ್ಧರಾಗಿದ್ದರು. "ಉಸ್ತಾದರೇ, ದೀನ್ ಕಲಿಯಲು ಹೋಗುವವನನ್ನು ತಡೆದರೆ ನಾನು ಗುನಾಹ್‌ಗಾರನಾಗುತ್ತೇನೆಯೇ?" ಎಂದು ಅವರು ಕೇಳಿದಾಗ ಅವರ ಧ್ವನಿ ನಡುಗುತ್ತಿತ್ತು.

ನಾವು ಅವರಿಗೆ ಅಂದು ಕೊಟ್ಟ ಉತ್ತರವನ್ನೇ ಇಲ್ಲಿ ತುಸು ವಿಸ್ತಾರವಾಗಿ ಬರೆಯುತ್ತಿದ್ದೇವೆ. ಏಕೆಂದರೆ ಇಂತಹ ತಂದೆ ಅವರೊಬ್ಬರೇ ಅಲ್ಲ. ವಿದ್ಯೆಗೆಂದು, ನರ್ಸಿಂಗ್ ಕೆಲಸಕ್ಕೆಂದು, ಹಡಗಿನ ಕೆಲಸಕ್ಕೆಂದು ಸಂಘರ್ಷಪೀಡಿತ ನಾಡುಗಳತ್ತ ಮುಖ ಮಾಡುವವರು ನಮ್ಮ ನಡುವೆ ಅನೇಕರಿದ್ದಾರೆ.

ಯಮನ್ ನಮಗೆ ಅಪರಿಚಿತವಲ್ಲ

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಆ ಹುಡುಗನ ಹಂಬಲ ತಪ್ಪಲ್ಲ. ನಾವು ಮದ್ರಸದ ವಿದ್ಯಾರ್ಥಿಗಳಾಗಿದ್ದಾಗ ನಮಗೂ ತರೀಮ್‌ನ ಹೆಸರು ಕೇಳಿದರೆ ಎದೆ ಅರಳುತ್ತಿತ್ತು. ಪ್ರವಾದಿಯವರು(ಸ) ಮುಆದ್ ಬಿನ್ ಜಬಲ್(ರ) ಮತ್ತು ಅಬೂ ಮೂಸಾ ಅಲ್ ಅಶ್‌ಅರಿ(ರ)ಯವರನ್ನು ಕಳುಹಿಸಿದ್ದು ಯಮನ್‌ಗೆ. ಜನರಿಗೆ ಸುಲಭಗೊಳಿಸಬೇಕೇ ಹೊರತು ಕಷ್ಟಗೊಳಿಸಬಾರದೆಂದು ಅವರಿಬ್ಬರಿಗೆ ಉಪದೇಶಿಸಿದ್ದೂ ಆ ಸಂದರ್ಭದಲ್ಲೇ. ಯಮನ್‌ನ ಜನರ ಮೃದು ಹೃದಯವನ್ನು ಅವರು ಮೆಚ್ಚಿ ಮಾತಾಡಿದ್ದಾರೆ. ಕುರೈಶರು ಚಳಿಗಾಲದಲ್ಲಿ ವ್ಯಾಪಾರಕ್ಕೆ ಹೊರಡುತ್ತಿದ್ದುದು ಯಮನ್‌ನ ಕಡೆಗೆ, ಬೇಸಿಗೆಯಲ್ಲಿ ಸಿರಿಯಾದ ಕಡೆಗೆ. ಪ್ರತಿದಿನ ನಮಾಝ್‌ನಲ್ಲಿ ನಮ್ಮ ಮಕ್ಕಳೂ ಪಠಿಸುವ ಕುರೈಶ್ ಅಧ್ಯಾಯ ನೆನಪಿಸುವುದು ಆ ಪ್ರಯಾಣಗಳನ್ನೇ. ಹಸಿದವರಿಗೆ ಅನ್ನ ಮತ್ತು ಅಂಜಿದವರಿಗೆ ಅಭಯ, ಇವೆರಡನ್ನೇ ಅಲ್ಲಾಹನು ಆ ಅಧ್ಯಾಯದಲ್ಲಿ ತನ್ನ ಅನುಗ್ರಹಗಳಾಗಿ ಎತ್ತಿ ಹೇಳುತ್ತಾನೆ.

ನಮ್ಮ ನಾಡಿಗೂ ಯಮನ್‌ಗೂ ಇರುವ ನಂಟು ಹಳೆಯದು. ಬಾಬಾ ಬುಡನ್‌ರು ಹಜ್ಜ್‌ನಿಂದ ಮರಳುವಾಗ ಯಮನ್‌ನ ಮೋಖಾದಿಂದ ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರೆಂಬ ಪ್ರತೀತಿ ಕನ್ನಡಿಗರೆಲ್ಲರಿಗೂ ಗೊತ್ತು. ಮಲಬಾರ್ ಮತ್ತು ಕೆನರಾ ಕರಾವಳಿಗೆ ಹದ್ರಮಿ ವ್ಯಾಪಾರಿಗಳೂ ಸಯ್ಯಿದ್ ಮನೆತನಗಳೂ ಶತಮಾನಗಳ ಕಾಲ ಬಂದುಹೋಗಿವೆ. ಹೈದರಾಬಾದ್ ನಿಝಾಮರ ಸೈನ್ಯದಲ್ಲಿದ್ದ ಅರಬರಲ್ಲಿ ಹೆಚ್ಚಿನವರು ಹದ್ರಮೌತ್‌ನವರು. ಅವರ ಸಂತತಿ ಇಂದಿಗೂ ಬಾರ್ಕಸ್ ಬಡಾವಣೆಯಲ್ಲಿದೆ. ಆದ್ದರಿಂದ ಯಮನ್‌ನ ನೋವು ನಮಗೆ ದೂರದ ನೋವಾಗಬಾರದಿತ್ತು.

ಆ ದಾರಿ ಹೇಗೆ ಕಳೆದುಹೋಯಿತು?

ಉತ್ತರ ಮತ್ತು ದಕ್ಷಿಣವೆಂದು ಎರಡಾಗಿದ್ದ ಯಮನ್ ಒಂದಾದದ್ದು 1990ರ ಮೇ 22ರಂದು. ಅದೇ ವರ್ಷ ಇರಾಕ್ ಕುವೈತ್ ಅನ್ನು ಆಕ್ರಮಿಸಿತು. ಇರಾಕ್ ವಿರುದ್ಧದ ಸೇನಾ ಕಾರ್ಯಾಚರಣೆಯನ್ನು ಯಮನ್ ವಿಶ್ವಸಂಸ್ಥೆಯಲ್ಲಿ ವಿರೋಧಿಸಿದ್ದಕ್ಕೆ ಅದು ತೆತ್ತ ಬೆಲೆ ಅಪಾರ. ಸೌದಿ ಅರೇಬಿಯಾದಲ್ಲಿ ದುಡಿಯುತ್ತಿದ್ದ ಲಕ್ಷಾಂತರ ಯಮನಿ ಕಾರ್ಮಿಕರು ಕೆಲವೇ ತಿಂಗಳಲ್ಲಿ ಮನೆಗೆ ಮರಳಬೇಕಾಯಿತು. ಕೊಲ್ಲಿಯ ಸಂಬಳವನ್ನು ನಂಬಿ ಮನೆ ಕಟ್ಟುವ ನಮ್ಮ ಕುಟುಂಬಗಳು ಈ ಘಟನೆಯನ್ನು ಮರೆಯಬಾರದು. ರಾಜಧಾನಿಗಳಲ್ಲಿ ತೆಗೆದುಕೊಂಡ ಒಂದು ನಿರ್ಧಾರವು ಲಕ್ಷಾಂತರ ಒಲೆಗಳನ್ನು ಆರಿಸಬಲ್ಲುದು.

1994ರಲ್ಲಿ ಅಂತರ್ಯುದ್ಧ ನಡೆಯಿತು. 2011ರಲ್ಲಿ ಅಲಿ ಅಬ್ದುಲ್ಲಾ ಸಾಲಿಹ್‌ರ ಮೂರು ದಶಕಗಳ ಆಡಳಿತದ ವಿರುದ್ಧ ಯುವಕರೂ ಮಹಿಳೆಯರೂ ಬೀದಿಗಿಳಿದರು. ಆ ಚಳವಳಿಯ ಮುಂಚೂಣಿಯಲ್ಲಿದ್ದ ತವಕ್ಕುಲ್ ಕರ್ಮಾನ್‌ರಿಗೆ ಅದೇ ವರ್ಷ ನೊಬೆಲ್ ಶಾಂತಿ ಪ್ರಶಸ್ತಿ ಲಭಿಸಿತು. ಸಾಲಿಹ್ ಅಧಿಕಾರವನ್ನು ಮನ್ಸೂರ್ ಹಾದಿಯವರಿಗೆ ಬಿಟ್ಟುಕೊಟ್ಟರು. ಆದರೆ ಸಾಲಿಹ್‌ರ ಸೇನಾ ಬೆಂಬಲಿಗರು ತಮ್ಮ ಹಳೆಯ ಶತ್ರುಗಳಾದ ಹೂಥಿಗಳೊಂದಿಗೆ ಕೈಜೋಡಿಸಿದರು. 2014ರ ಸೆಪ್ಟೆಂಬರ್‌ನಲ್ಲಿ ಸನಾ ಹೂಥಿಗಳ ವಶವಾಯಿತು. 2015ರ ಮಾರ್ಚ್ 26ರಂದು ಸೌದಿ ನೇತೃತ್ವದ ಮಿತ್ರಕೂಟ ವೈಮಾನಿಕ ದಾಳಿ ಆರಂಭಿಸಿತು. ಅಮೆರಿಕ ಮತ್ತು ಬ್ರಿಟನ್ ಆಯುಧ ಒದಗಿಸಿದವು, ಇರಾನ್ ಹೂಥಿಗಳ ಬೆನ್ನಿಗೆ ನಿಂತಿತು. ಸಾಲಿಹ್ 2017ರ ಡಿಸೆಂಬರ್‌ನಲ್ಲಿ ತಾನೇ ಕೈಜೋಡಿಸಿದ್ದ ಹೂಥಿಗಳಿಂದ ಹತರಾದರು.

ಈ ಯುದ್ಧದ ನಿಜವಾದ ಬೆಲೆ ತೆತ್ತವರು ಯಾರು? 2021ರ ಅಂತ್ಯದ ವೇಳೆಗೆ ಮೃತರ ಸಂಖ್ಯೆ 3 ಲಕ್ಷದ 77 ಸಾವಿರದಷ್ಟಾಗುವುದೆಂದು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಅಂದಾಜಿಸಿತ್ತು. ಅವರಲ್ಲಿ ಸುಮಾರು ಶೇಕಡಾ 60ರಷ್ಟು ಮಂದಿ ಗುಂಡಿಗೆ, ಬಾಂಬಿಗೆ ಬಲಿಯಾದವರಲ್ಲ, ಹಸಿವು, ರೋಗ ಮತ್ತು ಚಿಕಿತ್ಸೆಯ ಅಭಾವದಿಂದ ಸತ್ತವರು. ಅದರಲ್ಲೂ ಐದು ವರ್ಷ ತುಂಬದ ಮಕ್ಕಳೇ ಅಧಿಕ.

2022ರ ಏಪ್ರಿಲ್ 2ರಂದು, ರಮಝಾನ್‌ನ ಆರಂಭದಲ್ಲಿ, ವಿಶ್ವಸಂಸ್ಥೆಯ ಮಧ್ಯಸ್ಥಿಕೆಯಲ್ಲಿ ಕದನವಿರಾಮ ಜಾರಿಗೆ ಬಂತು. ಅದರ ಅವಧಿ ಅದೇ ವರ್ಷದ ಅಕ್ಟೋಬರ್‌ನಲ್ಲಿ ಮುಗಿದರೂ ಮೊದಲಿನ ಪ್ರಮಾಣದ ಯುದ್ಧ ಮರುಕಳಿಸಲಿಲ್ಲ. ಆದರೆ 2023ರ ನವೆಂಬರ್‌ನಿಂದ, ಗಾಝಾದ ಮೇಲಿನ ಆಕ್ರಮಣವನ್ನು ವಿರೋಧಿಸುತ್ತೇವೆಂದು ಹೂಥಿಗಳು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಆರಂಭಿಸಿದರು. ಅದಕ್ಕೆ ಪ್ರತಿಯಾಗಿ ಅಮೆರಿಕ, ಬ್ರಿಟನ್ ಮತ್ತು ಇಸ್ರೇಲ್‌ಗಳ ಬಾಂಬುಗಳು ಮತ್ತೆ ಯಮನ್‌ನ ಮೇಲೆಯೇ ಬಿದ್ದವು.

ಇಂದಿನ ಪ್ರಯಾಣಿಕನ ಪಾಡು

ಈಗ ಸನಾದಿಂದ ಹದ್ರಮೌತ್‌ಗೆ ಹೊರಡುವ ಸವಾರನ ಬಳಿಗೆ ಮರಳೋಣ. ಅವನ ದಾರಿ ಹೂಥಿ ಆಡಳಿತದ ಪ್ರದೇಶದಲ್ಲಿ ಆರಂಭವಾಗಿ, ಯುದ್ಧದ ಮುಂಚೂಣಿ ರೇಖೆಯನ್ನು ದಾಟಿ, ಬೇರೆ ಬೇರೆ ಪಡೆಗಳ ಅಧೀನದಲ್ಲಿರುವ ನೆಲದಲ್ಲಿ ಸಾಗುತ್ತದೆ. ತಪಾಸಣಾ ಠಾಣೆಗಳು ಒಂದರ ನಂತರ ಒಂದು ಎದುರಾಗುತ್ತವೆ. ಒಂದೆಡೆಯ ಸಿಬ್ಬಂದಿಗೆ ಅವನು ಉತ್ತರದವನೆಂಬ ಸಂಶಯ, ಇನ್ನೊಂದೆಡೆ ದಕ್ಷಿಣದವನೆಂಬ ಸಂಶಯ. ಅವನ ಮನೆತನದ ಹೆಸರು, ಅವನ ಮಾತಿನ ಧಾಟಿ, ಮೊಬೈಲ್ ಫೋನ್‌ನಲ್ಲಿರುವ ಒಂದು ಚಿತ್ರ, ಇವುಗಳಲ್ಲಿ ಯಾವುದೂ ಅವನನ್ನು ತಡೆಹಿಡಿಯಲು ಸಾಕು. ರಸ್ತೆಯಿಂದ ಕೆಳಗಿಳಿದರೆ ನೆಲಬಾಂಬ್‌ಗಳ ಭಯ. ಹೊಲಕ್ಕೆ, ನೀರಿಗೆ, ಆಡು ಮೇಯಿಸಲು ಹೋದ ಮಕ್ಕಳು ಅವುಗಳಿಗೆ ಕಾಲು ಕಳೆದುಕೊಂಡಿದ್ದಾರೆ. ಆ ಹದೀಸ್‌ನ ಸವಾರನಿಗೆ ತೋಳದ ಚಿಂತೆಯೊಂದೇ ಇತ್ತು. ಇಂದಿನವನಿಗೆ ತೋಳದ ಚಿಂತೆ ಕೊನೆಯದು.

ಅವನ ಜೇಬಿನಲ್ಲಿರುವ ಹಣವೂ ದಾರಿಯ ಮಧ್ಯೆ ಬೆಲೆ ಕಳೆದುಕೊಳ್ಳುತ್ತದೆ. 2016ರಲ್ಲಿ ಸರಕಾರವು ಕೇಂದ್ರ ಬ್ಯಾಂಕನ್ನು ಸನಾದಿಂದ ಏಡನ್‌ಗೆ ಸ್ಥಳಾಂತರಿಸಿತು. ಏಡನ್‌ನಲ್ಲಿ ಹೊಸದಾಗಿ ಮುದ್ರಿಸಿದ ನೋಟುಗಳನ್ನು ಹೂಥಿಗಳು ನಿಷೇಧಿಸಿದರು. ಹೀಗೆ ಒಂದೇ ದೇಶದಲ್ಲಿ, ಒಂದೇ ಹೆಸರಿನಲ್ಲಿ ಎರಡು ರಿಯಾಲ್‌ಗಳು ಹುಟ್ಟಿಕೊಂಡವು. ಯುದ್ಧಕ್ಕೆ ಮುನ್ನ ಒಂದು ಡಾಲರ್‌ಗೆ ಸುಮಾರು 215 ರಿಯಾಲ್ ಇತ್ತು. ಏಡನ್‌ನಲ್ಲಿ ಅದು 2025ರ ಜುಲೈಯಲ್ಲಿ 2,500ನ್ನೂ ದಾಟಿ, ಬಳಿಕ ತುಸು ಸುಧಾರಿಸಿತು.

ವಿಮಾನ ಪ್ರಯಾಣ? ಸನಾ ವಿಮಾನ ನಿಲ್ದಾಣವು 2016ರ ಆಗಸ್ಟ್‌ನಿಂದ 2022ರ ಮೇವರೆಗೆ ಪ್ರಯಾಣಿಕ ವಿಮಾನಗಳಿಗೆ ಮುಚ್ಚಿತ್ತು. ಸುಮಾರು ಆರು ವರ್ಷಗಳ ಕಾಲ ಕ್ಯಾನ್ಸರ್ ಪೀಡಿತರೂ ಮೂತ್ರಪಿಂಡದ ರೋಗಿಗಳೂ ಪರ್ವತದ ರಸ್ತೆಗಳಲ್ಲಿ ಗಂಟೆಗಟ್ಟಲೆ ಸಾಗಿ ಏಡನ್ ಅಥವಾ ಸೈಯೂನ್ ತಲುಪಿ ಹೊರದೇಶಕ್ಕೆ ಹೋಗಬೇಕಾಗಿತ್ತು. ದಾರಿಯಲ್ಲೇ ಮಡಿದವರೆಷ್ಟೋ. ಕದನವಿರಾಮದ ಬಳಿಕ ಅಮ್ಮಾನ್‌ಗೆ ವಿಮಾನ ಸಂಚಾರ ಪುನರಾರಂಭವಾಯಿತು. 2025ರ ಮೇ ತಿಂಗಳಲ್ಲಿ ಇಸ್ರೇಲ್ ಆ ನಿಲ್ದಾಣದ ಮೇಲೆ ದಾಳಿ ನಡೆಸಿತು, ಅಲ್ಲಿ ಉಳಿದಿದ್ದ ಯಮನಿಯಾ ಸಂಸ್ಥೆಯ ಕೊನೆಯ ವಿಮಾನವನ್ನೂ ಸುಟ್ಟುಹಾಕಿತು.

ತಇಝ್ ನಗರದ ಕಥೆ ಇನ್ನೂ ವಿಚಿತ್ರ. ನಗರದ ಒಂದು ಬದಿಯಿಂದ ಇನ್ನೊಂದು ಬದಿಗೆ ಹಿಂದೆ ಕೆಲವೇ ನಿಮಿಷಗಳ ದಾರಿ. 2015ರಲ್ಲಿ ಹೂಥಿಗಳು ಮುತ್ತಿಗೆ ಹಾಕಿದ ಬಳಿಕ ಜನರು ಬೆಟ್ಟಗಳನ್ನು ಸುತ್ತಿ ಐದಾರು ಗಂಟೆ ಪ್ರಯಾಣಿಸಬೇಕಾಯಿತು. ಮಗ ಒಂದು ಕಡೆ, ತಾಯಿ ಇನ್ನೊಂದು ಕಡೆ. ಮುಖ್ಯ ರಸ್ತೆ ಮತ್ತೆ ತೆರೆದದ್ದು 2024ರ ಜೂನ್‌ನಲ್ಲಿ, ಒಂಬತ್ತು ವರ್ಷಗಳ ಬಳಿಕ. ಸಬಾ ಎಂಬ ಹೆಸರಿನ ಕುರ್‌ಆನ್ ಅಧ್ಯಾಯವು ಇದೇ ಯಮನ್‌ನ ಮಾರಿಬ್‌ನ ಜನರ ಕಥೆಯನ್ನು ಹೇಳುತ್ತದೆ. ರಾತ್ರಿ ಹಗಲೆನ್ನದೆ ಸುರಕ್ಷಿತವಾಗಿ ಸಂಚರಿಸಬಹುದಾದ, ಹತ್ತಿರ ಹತ್ತಿರದಲ್ಲಿ ಊರುಗಳಿದ್ದ ದಾರಿಯನ್ನು ಅಲ್ಲಾಹನು ಅವರಿಗೆ ಅನುಗ್ರಹಿಸಿದ್ದನು. ಅವರು ಕೃತಘ್ನರಾಗಿ, ಆ ದೂರವನ್ನು ಹೆಚ್ಚಿಸುವಂತೆ ಬೇಡಿಕೊಂಡರು. ನಿಮಿಷಗಳ ದಾರಿಯನ್ನು ಗಂಟೆಗಳ ದಾರಿಯಾಗಿ ಮಾಡಿದ ಇಂದಿನ ಸೇನಾಧಿಪತಿಗಳು ಆ ಅಧ್ಯಾಯವನ್ನು ಓದುವುದಿಲ್ಲವೇ?

ಸ್ತ್ರೀಯರ ಸ್ಥಿತಿಯನ್ನೂ ಹೇಳಬೇಕು. ಹೂಥಿ ಆಡಳಿತದ ಪ್ರದೇಶಗಳಲ್ಲಿ ಮಹ್ರಮ್ ಇಲ್ಲದೆ ಮಹಿಳೆಯರು ಒಂದು ಪ್ರಾಂತ್ಯದಿಂದ ಇನ್ನೊಂದಕ್ಕೆ ಹೋಗುವುದನ್ನು ನಿರ್ಬಂಧಿಸಲಾಗಿದೆ. ಗಂಡನನ್ನೋ ಮಗನನ್ನೋ ಯುದ್ಧದಲ್ಲಿ ಕಳೆದುಕೊಂಡ ಸ್ತ್ರೀ ಮಹ್ರಮ್‌ನನ್ನು ಎಲ್ಲಿಂದ ತರಬೇಕು? ನೆರವು ಹಂಚುವ ಮಹಿಳಾ ಕಾರ್ಯಕರ್ತೆಯರೇ ಇದರಿಂದ ಮನೆಯಲ್ಲಿ ಉಳಿಯಬೇಕಾಯಿತು. ಅವರು ತಲುಪಬೇಕಾಗಿದ್ದ ವಿಧವೆಯರು ಹಸಿದುಕೊಂಡೇ ಉಳಿದರು.

ಇನ್ನು "ತರೀಮ್‌ನಲ್ಲಿ ಯುದ್ಧವಿಲ್ಲ" ಎಂಬ ಮಾತು. ವರ್ಷಗಳ ಕಾಲ ವಾದಿ ಹದ್ರಮೌತ್ ತುಲನಾತ್ಮಕವಾಗಿ ಶಾಂತವಾಗಿತ್ತೆಂಬುದು ನಿಜ. ಆದರೆ 2015ರಲ್ಲಿ ಅದೇ ಪ್ರಾಂತ್ಯದ ರಾಜಧಾನಿ ಮುಕಲ್ಲಾ ಅಲ್ ಕಾಯಿದಾದ ಕೈಸೇರಿ ಒಂದು ವರ್ಷ ಅದರ ವಶದಲ್ಲಿತ್ತು. 2025ರ ಡಿಸೆಂಬರ್ ಆರಂಭದಲ್ಲಿ ದಕ್ಷಿಣದ ಪ್ರತ್ಯೇಕತಾವಾದಿ ಪಡೆಗಳು ತರೀಮ್‌ನ ನೆರೆಯ ಸೈಯೂನ್ ನಗರವನ್ನು ವಶಪಡಿಸಿಕೊಂಡವು. ಅದೇ ತಿಂಗಳ ಕೊನೆಯಲ್ಲಿ ಮುಕಲ್ಲಾ ಬಂದರಿನ ಮೇಲೆ ಸೌದಿ ನೇತೃತ್ವದ ಮಿತ್ರಕೂಟ ಬಾಂಬು ಹಾಕಿತು. ಒಂದು ಕಾಲದ ಮಿತ್ರರಾದ ಸೌದಿ ಅರೇಬಿಯಾ ಮತ್ತು ಯುಎಇಗಳ ಭಿನ್ನಮತ ಹದ್ರಮೌತ್‌ನ ನೆಲದಲ್ಲಿ ಸ್ಫೋಟಿಸಿತು. ನಿನ್ನೆಯವರೆಗೆ ಶಾಂತವಾಗಿದ್ದ ಪಟ್ಟಣ ನಾಳೆ ಹೇಗಿರುವುದೆಂದು ಹೇಳುವ ಅಧಿಕಾರ ಯಾವ ಏಜೆಂಟನಿಗಿದೆ?

ಉಳಿದವರ ಬದುಕು

ಯಮನ್ ತನ್ನ ಆಹಾರದ ಬಹುಪಾಲನ್ನು, ಗೋಧಿಯ ಸುಮಾರು ಶೇಕಡಾ 90ನ್ನು, ಹೊರಗಿನಿಂದ ತರಿಸಿಕೊಳ್ಳುವ ದೇಶ. ಹೊದೈದಾ ಬಂದರಿಗೆ ಪೆಟ್ಟು ಬಿದ್ದಾಗಲೆಲ್ಲ ದೂರದ ಬೆಟ್ಟದ ಹಳ್ಳಿಯ ರೊಟ್ಟಿಯ ಬೆಲೆ ಏರುತ್ತದೆ. 2016ರ ಕೊನೆಯಿಂದ ಉತ್ತರದ ಶಿಕ್ಷಕರಿಗೂ ವೈದ್ಯರಿಗೂ ನಿಯಮಿತ ಸಂಬಳವಿಲ್ಲ. ಮೇಷ್ಟ್ರುಗಳು ಕೂಲಿ ಮಾಡುತ್ತಾರೆ, ಮಕ್ಕಳು ಬೀದಿಯಲ್ಲಿ ನೀರು ಮಾರುತ್ತಾರೆ, ಕೆಲವರ ಕೈಗೆ ಬಂದೂಕು ಬರುತ್ತದೆ. 2017ರೊಂದರಲ್ಲೇ ಕಾಲರಾ ರೋಗದ ಶಂಕಿತ ಪ್ರಕರಣಗಳು ಹತ್ತು ಲಕ್ಷ ಮುಟ್ಟಿದವು. ಶುದ್ಧ ನೀರು ಮತ್ತು ಒಂದು ಪೊಟ್ಟಣ ಉಪ್ಪು ಸಕ್ಕರೆ ದ್ರಾವಣದಿಂದ ತಡೆಯಬಹುದಾದ ಸಾವುಗಳಿವು. ಏಡನ್‌ನ ಸ್ಥಿತಿ ಉತ್ತಮವೇನಲ್ಲ. 2025ರ ಬೇಸಿಗೆಯಲ್ಲಿ ದಿನದ ಬಹುಭಾಗ ವಿದ್ಯುತ್ ಇಲ್ಲದೆ ಬೆಂದ ಆ ನಗರದಲ್ಲಿ ಮಹಿಳೆಯರು ಬೀದಿಗಿಳಿದು ನೀರು, ವಿದ್ಯುತ್ ಕೇಳಿದರು.

2025ರಲ್ಲಿ ನೆರವಿನ ಅಗತ್ಯವಿದ್ದವರ ಸಂಖ್ಯೆ ಸುಮಾರು 1 ಕೋಟಿ 95 ಲಕ್ಷವೆಂದು ವಿಶ್ವಸಂಸ್ಥೆ ಹೇಳಿತ್ತು. ಅದೇ ವರ್ಷ ಅಮೆರಿಕ ತನ್ನ ವಿದೇಶಿ ನೆರವನ್ನು ಕಡಿತಗೊಳಿಸಿತು. ಇನ್ನೊಂದೆಡೆ ಹೂಥಿಗಳು ವಿಶ್ವಸಂಸ್ಥೆಯ ಹತ್ತಾರು ಯಮನಿ ಸಿಬ್ಬಂದಿಯನ್ನು ಬಂಧಿಸಿಟ್ಟರು. ಅನ್ನ ಹಂಚುವವನನ್ನೇ ಗೂಢಚಾರನೆಂದು ಸೆರೆಯಲ್ಲಿಡುವುದು ಯಾವ ಇಸ್ಲಾಮ್?

ಕಾನೂನು ಮತ್ತು ಅನುಭವ

ಆ ತಂದೆಗೆ ನಾವು ಮುಖ್ಯವಾಗಿ ಹೇಳಿದ್ದು ಇದು. 2017ರ ಸೆಪ್ಟೆಂಬರ್‌ನಲ್ಲಿ ಭಾರತ ಸರಕಾರವು ಅಧಿಸೂಚನೆ ಹೊರಡಿಸಿ, ಭಾರತೀಯ ನಾಗರಿಕರು ಯಮನ್‌ಗೆ ಹೋಗುವುದನ್ನು ನಿಷೇಧಿಸಿತು. ಇದನ್ನು ಮೀರಿ ಹೋದವರ ಪಾಸ್‌ಪೋರ್ಟನ್ನು ವಶಪಡಿಸಿಕೊಳ್ಳಲು ಅವಕಾಶವಿದೆ. ಸನಾ ಜೈಲಿನಲ್ಲಿರುವ ಮಗಳನ್ನು ಕಾಣಲು ಕೇರಳದ ತಾಯಿಯೊಬ್ಬರು 2023ರಲ್ಲಿ ದೆಹಲಿ ಹೈಕೋರ್ಟ್‌ನ ಮೆಟ್ಟಿಲೇರಬೇಕಾಯಿತೆಂದರೆ ಆ ನಿಷೇಧ ಎಷ್ಟು ಬಿಗಿಯೆಂದು ಊಹಿಸಬಹುದು. ಹೀಗಿರುವಾಗ ಒಮಾನ್‌ನ ವಿಸಿಟ್ ವೀಸಾ ಹಿಡಿದು ಗಡಿ ದಾಟುವ ಹುಡುಗ ಎರಡು ದೇಶಗಳ ಕಾನೂನಿನ ಕಣ್ಣಿನಲ್ಲಿ ತಪ್ಪಿತಸ್ಥನಾಗುತ್ತಾನೆ. ಇಂದಿನ ವಾತಾವರಣದಲ್ಲಿ, ಮರಳಿ ಬಂದ ಮೇಲೆ ಅವನು ಕಲಿತದ್ದೇನು, ಭೇಟಿಯಾದದ್ದು ಯಾರನ್ನು ಎಂಬ ತನಿಖೆಗೆ ಅವನೊಬ್ಬನೇ ಅಲ್ಲ, ಅವನ ಮನೆಯವರೂ ಮದ್ರಸವೂ ಗುರಿಯಾಗಬೇಕಾಗುತ್ತದೆ.

ಅಲ್ಲಿ ಆಪತ್ತು ಬಂದರೆ ಕೈ ಹಿಡಿಯುವವರು ಯಾರು? 2015ರ ಏಪ್ರಿಲ್‌ನಲ್ಲಿ 'ಆಪರೇಷನ್ ರಾಹತ್' ಮೂಲಕ ಭಾರತವು ತನ್ನ 4,640ಕ್ಕೂ ಹೆಚ್ಚು ನಾಗರಿಕರನ್ನು ಯಮನ್‌ನಿಂದ ಕರೆತಂದಿತು. 41 ದೇಶಗಳ 960 ಮಂದಿಯನ್ನೂ ನಮ್ಮ ಹಡಗು, ವಿಮಾನಗಳು ರಕ್ಷಿಸಿದವು. ಪಾಕಿಸ್ತಾನದ ನೌಕೆಯೊಂದು ಮುಕಲ್ಲಾದಿಂದ 11 ಮಂದಿ ಭಾರತೀಯರನ್ನು ಪಾರುಮಾಡಿತು, ನಮ್ಮ ನೌಕೆ ಪಾಕಿಸ್ತಾನೀಯರನ್ನು ಹತ್ತಿಸಿಕೊಂಡಿತು. ಇದು ಹೆಮ್ಮೆಯ ವಿಷಯ. ಆದರೆ ಅದೇ ತಿಂಗಳಲ್ಲಿ ಸನಾದ ನಮ್ಮ ರಾಯಭಾರ ಕಚೇರಿ ಅಲ್ಲಿಂದ ಹೊರಬಂತು. ಇಂದು ಅಲ್ಲಿ ಭಾರತೀಯನೊಬ್ಬನ ಬಾಗಿಲು ತಟ್ಟುವ ಅಧಿಕಾರಿಯಿಲ್ಲ.

ಇದರ ಪರಿಣಾಮವೇನೆಂದು 2025ರ ಜುಲೈಯಲ್ಲಿ ಇಡೀ ದೇಶ ನೋಡಿತು. ಯಮನಿ ಪ್ರಜೆಯೊಬ್ಬರ ಹತ್ಯೆ ಪ್ರಕರಣದಲ್ಲಿ ಮರಣದಂಡನೆಗೆ ಗುರಿಯಾದ ಕೇರಳದ ಆ ನರ್ಸ್‌ಗೆ ಜುಲೈ 16ರಂದು ಶಿಕ್ಷೆ ಜಾರಿಯಾಗಬೇಕಿತ್ತು. ಸರಕಾರ ಮಾಡಬಹುದಾದುದಕ್ಕೆ ಮಿತಿಯಿದೆ ಎಂದು ಅಟಾರ್ನಿ ಜನರಲ್ ಸುಪ್ರೀಮ್ ಕೋರ್ಟ್‌ಗೆ ತಿಳಿಸಿದ್ದರು. ಆಗ ಕಾಂತಪುರಂ ಎ.ಪಿ. ಅಬೂಬಕರ್ ಮುಸ್ಲಿಯಾರ್‌ರು ತರೀಮ್‌ನ ವಿದ್ವಾಂಸರಾದ ಹಬೀಬ್ ಉಮರ್ ಬಿನ್ ಹಫೀಝ್‌ರ ಮೂಲಕ ಮೃತನ ಕುಟುಂಬದವರೊಂದಿಗೆ ಮಾತುಕತೆಗೆ ಪ್ರಯತ್ನಿಸಿದರು. ಶಿಕ್ಷೆ ಮುಂದೂಡಲ್ಪಟ್ಟಿತು. ಒಬ್ಬ ಮುಸ್ಲಿಮ್ ವಿದ್ವಾಂಸರು ಮುಸ್ಲಿಮೇತರ ಸಹೋದರಿಯೊಬ್ಬಳ ಜೀವಕ್ಕಾಗಿ ಶ್ರಮಿಸಿದ್ದು ಇಸ್ಲಾಮಿನ ನೈಜ ಮುಖ. ಆದರೆ ಒಂದು ದೊಡ್ಡ ರಾಷ್ಟ್ರದ ಸರಕಾರಿ ಯಂತ್ರವೇ ಕೈಚೆಲ್ಲುವ ನೆಲಕ್ಕೆ, ಹದಿನೆಂಟು ಇಪ್ಪತ್ತರ ಹುಡುಗನನ್ನು ಒಬ್ಬ ಅಪರಿಚಿತ ಏಜೆಂಟನ ಕೈಗೆ ಕೊಟ್ಟು ಕಳುಹಿಸುವುದು ತವಕ್ಕುಲ್ ಅಲ್ಲ. ಒಂಟೆಯನ್ನು ಕಟ್ಟಿಹಾಕಿ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಲು ಕಲಿಸಿದ ಪ್ರವಾದಿ(ಸ)ರ ಅನುಯಾಯಿಗಳು ನಾವು.

ಯಮನ್ ಒಂದೇ ಅಲ್ಲ. 2014ರಲ್ಲಿ ಇರಾಕ್‌ನ ಮೋಸುಲ್‌ನಲ್ಲಿ ಅಪಹೃತರಾದ 39 ಭಾರತೀಯ ಕಾರ್ಮಿಕರು ಹತರಾಗಿದ್ದಾರೆಂದು ಅವರ ಮನೆಯವರಿಗೆ ಖಚಿತವಾದದ್ದು 2018ರಲ್ಲಿ. ನಾಲ್ಕು ವರ್ಷ ಅವರು ಬಾಗಿಲು ನೋಡುತ್ತ ಕುಳಿತಿದ್ದರು. 2023ರಲ್ಲಿ ಸುಡಾನ್‌ನಲ್ಲಿ ಯುದ್ಧ ಸ್ಫೋಟಿಸಿದಾಗ ಗಿಡಮೂಲಿಕೆ ಮಾರಲು ಹೋಗಿದ್ದ ನಮ್ಮ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ಅನ್ನ ನೀರಿಲ್ಲದೆ ಸಿಲುಕಿಕೊಂಡಿದ್ದರು.

ಮನೆಯವರು ಕೇಳಬೇಕಾದ ಪ್ರಶ್ನೆಗಳು

ಆದ್ದರಿಂದ ಕೊಲ್ಲಿಗೋ ಇತರ ಅರಬ್ ದೇಶಗಳಿಗೋ ಮಕ್ಕಳನ್ನು ಕಳುಹಿಸುವ ಮೊದಲು ಪ್ರತಿ ಮನೆಯಲ್ಲೂ ಕೆಲವು ಪ್ರಶ್ನೆಗಳನ್ನು ಕೇಳಬೇಕು. ಏಜೆಂಟನಿಗೆ 1983ರ ವಲಸೆ ಕಾಯ್ದೆಯಡಿ ನೋಂದಣಿ ಇದೆಯೇ? ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ಅವನ ಹೆಸರು ಸಿಗುತ್ತದೆಯೇ? ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕದ ಮಿತಿ ತೆರಿಗೆ ಬಿಟ್ಟು 30,000 ರೂಪಾಯಿ. ಲಕ್ಷಗಳನ್ನು ಕೇಳುವವನು ಕಾನೂನಿನ ಹೊರಗಿದ್ದಾನೆಂದೇ ತಿಳಿಯಬೇಕು. ಹತ್ತನೇ ತರಗತಿ ಪಾಸಾಗದವರು ಮತ್ತು ನರ್ಸ್‌ಗಳು ನಿಗದಿತ ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಕಡ್ಡಾಯ. ಅದರೊಂದಿಗೆ ಪ್ರವಾಸಿ ಭಾರತೀಯ ಬೀಮಾ ಯೋಜನೆಯ ರಕ್ಷಣೆಯೂ ದೊರೆಯುತ್ತದೆ. ವಿಸಿಟ್ ವೀಸಾದಲ್ಲಿ ಹೋದವನಿಗೆ ಇವ್ಯಾವುವೂ ಇಲ್ಲ. ಗಡಿಗಳನ್ನು ಕದ್ದು ದಾಟಿದವನ ಗತಿ ಏನೆಂಬುದಕ್ಕೆ 2025ರ ಏಪ್ರಿಲ್‌ನ ಸಅದಾ ಸಾಕ್ಷಿ. ಅಲ್ಲಿನ ವಲಸಿಗರ ಬಂಧನ ಕೇಂದ್ರದ ಮೇಲೆ ನಡೆದ ಅಮೆರಿಕದ ದಾಳಿಯಲ್ಲಿ 60ಕ್ಕೂ ಹೆಚ್ಚು ಆಫ್ರಿಕನ್ ವಲಸಿಗರು ಮೃತಪಟ್ಟರೆಂದು ವರದಿಯಾಯಿತು. ಕೆಲಸ ಹುಡುಕಿ ಹೊರಟಿದ್ದ ಆ ಬಡವರಿಗೆ ಈ ಯುದ್ಧದ ಯಾವ ಪಕ್ಷವೂ ಗೊತ್ತಿರಲಿಲ್ಲ.

ಜಮಾಅತ್ ಕಮಿಟಿಗಳು ಮದುವೆ ಹಾಲ್‌ಗಳಿಗೆ ಖರ್ಚು ಮಾಡುವುದರಲ್ಲಿ ಒಂದು ಸಣ್ಣ ಪಾಲನ್ನು ವಲಸೆ ಮಾಹಿತಿ ಕೇಂದ್ರಕ್ಕೆ ಕೊಟ್ಟರೆ, ಶುಕ್ರವಾರದ ಖುತ್ಬಾದ ಬಳಿಕ ಐದು ನಿಮಿಷ ಈ ವಿಷಯ ಹೇಳಿದರೆ, ಎಷ್ಟೋ ತಾಯಂದಿರ ಬಳೆಗಳು ಉಳಿದಾವು. ವಿದೇಶದಲ್ಲಿ ದೀನೀ ವಿದ್ಯೆ ಬಯಸುವವರಿಗೆ ಈಜಿಪ್ಟ್‌ನ ಅಲ್ ಅಝ್‌ಹರ್‌ನಂತಹ, ಕಾನೂನುಬದ್ಧ ವಿದ್ಯಾರ್ಥಿ ವೀಸಾದ ದಾರಿಗಳಿವೆ. ಅದಕ್ಕೆ ಮೊದಲು ನಮ್ಮ ನಾಡಿನಲ್ಲೇ ಇರುವ ವಿದ್ಯಾಸಂಸ್ಥೆಗಳ ಮೌಲ್ಯವನ್ನೂ ಅರಿಯಬೇಕು.

ನಮ್ಮ ಮೌನ

ಕೊನೆಯದಾಗಿ, ಹೇಳಲು ಕಷ್ಟವಾದರೂ ಹೇಳಲೇಬೇಕಾದ ಮಾತೊಂದಿದೆ. ಗಾಝಾಕ್ಕಾಗಿ ನಮ್ಮ ಪಟ್ಟಣಗಳಲ್ಲಿ ಮೆರವಣಿಗೆಗಳು ನಡೆದವು, ಕುನೂತ್ ಓದಲಾಯಿತು, ಕಣ್ಣೀರು ಹರಿಯಿತು. ಅದು ನ್ಯಾಯವಾದ ಕಣ್ಣೀರು. ಆದರೆ 2016ರ ಅಕ್ಟೋಬರ್‌ನಲ್ಲಿ ಸನಾದ ಮರಣ ಸಂತಾಪದ ಸಭಾಂಗಣದ ಮೇಲೆ ಮಿತ್ರಕೂಟದ ಬಾಂಬು ಬಿದ್ದು ಸುಮಾರು 140 ಮಂದಿ ಸತ್ತಾಗ ನಾವೆಲ್ಲಿದ್ದೆವು? 2018ರ ಆಗಸ್ಟ್ 9ರಂದು ಸಅದಾದ ದಹ್ಯಾನ್‌ನಲ್ಲಿ ಪ್ರವಾಸ ಹೊರಟಿದ್ದ ಮಕ್ಕಳ ಬಸ್ಸಿನ ಮೇಲೆ ದಾಳಿಯಾಗಿ 40 ಮಕ್ಕಳು ಮಡಿದಾಗ ನಮ್ಮ ಯಾವ ಮಿಂಬರ್ ನಡುಗಿತು? 2016ರಲ್ಲಿ ಏಡನ್‌ನ ವೃದ್ಧಾಶ್ರಮಕ್ಕೆ ನುಗ್ಗಿದ ಬಂದೂಕುಧಾರಿಗಳು ನಾಲ್ವರು ಕ್ರೈಸ್ತ ಸನ್ಯಾಸಿನಿಯರ ಸಹಿತ 16 ಮಂದಿಯನ್ನು ಕೊಂದು, ಭಾರತೀಯ ಪಾದ್ರಿಯೊಬ್ಬರನ್ನು ಅಪಹರಿಸಿದಾಗ ನಾವು ಎಷ್ಟು ಗಟ್ಟಿಯಾಗಿ ಖಂಡಿಸಿದೆವು?

ನಮ್ಮ ಮೌನಕ್ಕೆ ಕಾರಣಗಳಿವೆ. ಬಾಂಬು ಹಾಕಿದವರು ಹರಮ್‌ಗಳ ಸೇವಕರೆಂದು ಕರೆಸಿಕೊಳ್ಳುವವರು. ನಮ್ಮಲ್ಲಿ ಅನೇಕರ ಒಲೆ ಉರಿಯುವುದು ಕೊಲ್ಲಿಯ ಸಂಬಳದಿಂದ. ಇನ್ನು ಕೆಲವರಿಗೆ ಅದು ಶಿಯಾ ಸುನ್ನಿ ಜಗಳ, ಸತ್ತವನು ಯಾವ ಪಂಗಡದವನೆಂದು ತಿಳಿದ ಬಳಿಕವೇ ದುಃಖಪಡುವ ರೋಗ. ಹಾಗೆಯೇ ಹೂಥಿಗಳು ಗಾಝಾದ ಹೆಸರೆತ್ತಿದ ಕೂಡಲೇ ತಇಝ್‌ನ ಮುತ್ತಿಗೆಯನ್ನೂ ನೆಲಬಾಂಬ್‌ಗಳನ್ನೂ ಬಂದೂಕು ಹೊತ್ತ ಬಾಲಕರನ್ನೂ ಮರೆತವರಿದ್ದಾರೆ. 2021ರ ಅಕ್ಟೋಬರ್‌ನಲ್ಲಿ ಯಮನ್‌ನ ಯುದ್ಧಾಪರಾಧಗಳನ್ನು ತನಿಖೆ ನಡೆಸುತ್ತಿದ್ದ ತಜ್ಞರ ಸಮಿತಿಯನ್ನು ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ 18ರ ವಿರುದ್ಧ 21 ಮತಗಳಿಂದ ಕೊನೆಗೊಳಿಸಿತು. ವಿರೋಧಿಸಿ ಮತ ಹಾಕಿದವರಲ್ಲಿ ಬಹ್ರೈನ್ ಸಹಿತ ಮುಸ್ಲಿಮ್ ರಾಷ್ಟ್ರಗಳೂ ಇದ್ದವು. ಅನ್ಯಾಯವನ್ನು ಮಾಡುವವನು ನಮ್ಮವನಾಗಿದ್ದರೂ, ನಮ್ಮ ಹೆತ್ತವರೇ ಆಗಿದ್ದರೂ ನ್ಯಾಯದ ಪಕ್ಷದಲ್ಲಿ ನಿಲ್ಲಬೇಕೆಂಬ ಕುರ್‌ಆನ್‌ನ ಆದೇಶ ಇಂತಹ ಸಂದರ್ಭಗಳಿಗಾಗಿಯೇ ಅಲ್ಲವೇ?

ಮೌನ ಮುರಿಯಲು ಗಡಿ ದಾಟಬೇಕಾಗಿಲ್ಲ. ಬೆಂಗಳೂರು, ಮೈಸೂರುಗಳ ಕಾಲೇಜುಗಳಲ್ಲಿ ಯಮನಿ ವಿದ್ಯಾರ್ಥಿಗಳಿದ್ದಾರೆ, ಚಿಕಿತ್ಸೆಗೆಂದು ನಮ್ಮ ದೇಶಕ್ಕೆ ಬರುವ ಯಮನಿ ರೋಗಿಗಳಿದ್ದಾರೆ. ಮನೆಯಿಂದ ಬರುವ ಹಣದ ಬೆಲೆ ಕುಸಿದು ಬಾಡಿಗೆ ಕಟ್ಟಲಾಗದೆ ಒದ್ದಾಡುವವರು ಅವರಲ್ಲಿರಬಹುದು. ಜುಮಾದ ದಿನ ನಮ್ಮ ಪಕ್ಕದ ಸಾಲಿನಲ್ಲಿ ನಿಂತು ನಮಾಝ್ ಮಾಡುವವನಿಗೆ ಸಲಾಮ್ ಹೇಳಿ, ನಿನ್ನ ಮನೆಯವರು ಹೇಗಿದ್ದಾರೆ ಎಂದು ನಾವು ಕೇಳಿದ್ದೇವೆಯೇ? ಅವರಿಗೆ ಬಾಡಿಗೆಗೆ ಮನೆ ಕೊಡಲು ಹಿಂಜರಿಯುವವರಲ್ಲಿ ನಾವೂ ಇಲ್ಲವೇ? ಹದ್ರಮೌತ್‌ಗೆ ಮಗನನ್ನು ಕಳುಹಿಸಲು ಬಳೆ ಅಡವಿಡುವ ನಾವು, ಹದ್ರಮೌತ್‌ನಿಂದ ಬಂದ ಮಗನಿಗೆ ಒಂದು ಹೊತ್ತಿನ ಊಟ ಹಾಕಲು ಏನನ್ನೂ ಅಡವಿಡಬೇಕಾಗಿಲ್ಲ.

ಆ ತಂದೆ ಊರಿಗೆ ಮರಳಿ ಮಗನ ಪಾಸ್‌ಪೋರ್ಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಮಗ ಕೆಲವು ದಿನ ಅವರೊಂದಿಗೆ ಮಾತಾಡಲಿಲ್ಲವೆಂದು ಫೋನ್‌ನಲ್ಲಿ ಹೇಳಿದರು. ಅವನ ಕೋಪ ನಮಗೆ ಅರ್ಥವಾಗುತ್ತದೆ. ನಾವು ಅವನಿಗೆ ಹೇಳಿಕಳುಹಿಸಿದ್ದು ಇಷ್ಟೇ: ಪುಟ್ಟಾ, ನಿನ್ನನ್ನು ತಡೆದದ್ದು ನಿನ್ನ ತಂದೆಯಲ್ಲ. ಸನಾದಿಂದ ಹದ್ರಮೌತ್‌ವರೆಗಿನ ದಾರಿಯನ್ನು ಭಯದಿಂದ ತುಂಬಿಸಿದವರು, ಅದನ್ನು ಕಂಡೂ ಸುಮ್ಮನಿದ್ದವರು ನಿನ್ನನ್ನು ತಡೆದರು. ಆ ಎರಡನೆಯವರಲ್ಲಿ ನಾವೂ ಇದ್ದೇವೆ.

ಕೆಂಡದ ಮೇಲೆ ಬೆನ್ನು ಸುಟ್ಟುಕೊಂಡ ಖಬ್ಬಾಬ್(ರ)ರಿಗೆ ಕೊಟ್ಟ ಆ ವಾಗ್ದಾನ ಒಮ್ಮೆ ನಿಜವಾಗಿತ್ತು. ಅದು ಮತ್ತೆ ನಿಜವಾಗಲಿ, ಯಮನ್‌ನ ಮಕ್ಕಳಿಗೆ ಹಸಿವಿನಿಂದ ಬಿಡುಗಡೆಯೂ ಭಯದಿಂದ ಅಭಯವೂ ದೊರೆಯಲಿ ಎಂದು ಅಲ್ಲಾಹನಲ್ಲಿ ಪ್ರಾರ್ಥಿಸೋಣ.